ಓದುಗರ ಪ್ರಶ್ನೆ: ಹೊಲದ ಮೆಣಸಿನಕಾಯಿ, ಸ್ವಂತ ಡಿಸ್ಟಿಲರಿ

ಮೆಣಸಿನಕಾಯಿಯನ್ನೂ ಮದ್ಯ ತಯಾರಿಕೆಯನ್ನೂ ಜೋಡಿಸಿ ಕೇಳಿದ ಹಲವು ಪತ್ರಗಳು ಈಚೆಗೆ ಅಂಕಣಕ್ಕೆ ಬಂದಿರುವುದರಿಂದ ಈ ಸಂಚಿಕೆಯ ಜಾಗವನ್ನು ಅವುಗಳಿಗೇ ಕೊಟ್ಟಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಿ, ಬರೆದವರ ಹೆಸರುಗಳನ್ನು ಬಿಡಲಾಗಿದೆ.

ಪ್ರಶ್ನೆ: ಕುಂದಗೋಳ ತಾಲ್ಲೂಕಿನಲ್ಲಿ ನಮಗೆ ಎಂಟು ಎಕರೆ ಎರೆಭೂಮಿ ಇದೆ. ತಂದೆಯವರು ಪ್ರತಿವರ್ಷ ಬ್ಯಾಡಗಿ ಕಡ್ಡಿ ಮತ್ತು ಡಬ್ಬಿ ಮೆಣಸಿನಕಾಯಿ ಬೆಳೆಯುತ್ತಾರೆ. ಒಂದು ವರ್ಷ ಸಿಕ್ಕ ಬೆಲೆ ಮರುವರ್ಷ ಇರುವುದಿಲ್ಲ. ನಾನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದೇನೆ. ಗೋವಾದ ಸಣ್ಣ ಡಿಸ್ಟಿಲರಿಗಳ ಜಿನ್‌ಗೆ ಸಿಗುತ್ತಿರುವ ಬೆಲೆಯನ್ನು ನೋಡಿ, ನಮ್ಮದೇ ಕಾಯಿಯನ್ನು ಬಟ್ಟಿ ಇಳಿಸಿ ಮಾರಿದರೆ ಹೇಗೆ ಎಂಬ ಯೋಚನೆ ಬಂದಿದೆ. ಮೆಣಸಿನಕಾಯಿಯಿಂದಲೇ ಮದ್ಯ ತೆಗೆಯಬಹುದೇ? ಯಾವ ಪರವಾನಗಿಗಳು ಬೇಕು? ಊರಿನ ಉಳಿದ ಬೆಳೆಗಾರರ ಕಾಯಿಗೂ ಇದರಿಂದ ಮಾರುಕಟ್ಟೆ ಆದೀತೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಈ ಸಾಹಸಕ್ಕೆ ಇಳಿಯಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವುದು ಅದೇ. ಒಂದು ಲೀಟರ್ ಮದ್ಯಕ್ಕೆ ಒಣಗಿದ ಕಾಯಿ 10 ಗ್ರಾಂ ಬೇಕು ಎಂದಿಟ್ಟುಕೊಳ್ಳಿ. ಆ ಲೆಕ್ಕದಲ್ಲಿ 10,000 ಲೀಟರ್ ಮದ್ಯಕ್ಕೆ, ಅಂದರೆ 750 ಮಿಲಿಲೀಟರ್‌ನ 13,000ಕ್ಕೂ ಹೆಚ್ಚು ಬಾಟಲಿಗಳಿಗೆ, ಬೇಕಾಗುವ ಕಾಯಿ ಒಂದೇ ಒಂದು ಕ್ವಿಂಟಲ್. ಧಾರಾಳವಾಗಿ ಇಪ್ಪತ್ತು ಗ್ರಾಂ ಹಾಕಿದರೂ ಎರಡು ಕ್ವಿಂಟಲ್ ದಾಟುವುದಿಲ್ಲ. ಹೊಸ ಬ್ರ್ಯಾಂಡೊಂದು ಅಷ್ಟು ಬಾಟಲಿಗಳನ್ನು ಮಾರುವುದೇ ದೊಡ್ಡ ಸಾಧನೆ. ಅದಾದ ಮೇಲೂ ನಿಮ್ಮ ಎಂಟು ಎಕರೆಯ ಫಸಲಿನ ಬಹುಭಾಗ ಮನೆಯಲ್ಲೇ ಉಳಿದಿರುತ್ತದೆ. ಊರಿನವರ ಕಾಯಿಯ ಮಾತು ದೂರವೇ ಉಳಿಯಿತು. 2024ರ ಮಾರ್ಚ್‌ನಲ್ಲಿ ಬೆಲೆ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಯಾವ ಮಟ್ಟಕ್ಕೆ ಹೋಯಿತು ಎಂಬುದನ್ನು ಕಂಡವರು ಬೇರೆ ದಾರಿ ಹುಡುಕುವುದು ಸಹಜ. ಆದರೆ ಮೆಣಸಿನಕಾಯಿಗೆ ಮಾರುಕಟ್ಟೆ ಹುಡುಕಿಕೊಂಡು ಡಿಸ್ಟಿಲರಿ ಕಟ್ಟಲು ಹೋಗಬೇಡಿ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಡಿಸ್ಟಿಲರಿ ಎಂಬುದು ಮದ್ಯಸಾರ, ತೆರಿಗೆ ಮತ್ತು ಮಾರಾಟ ಜಾಲದ ಉದ್ಯಮ. ಕಾಯಿ ಅದಕ್ಕೆ ಹೆಸರನ್ನೂ ರುಚಿಯನ್ನೂ ಕೊಡುತ್ತದೆಯೇ ಹೊರತು ಅದರ ಹೊಟ್ಟೆ ತುಂಬಿಸುವ ಕಚ್ಚಾವಸ್ತುವಾಗುವುದಿಲ್ಲ.

ಕಾಯಿಯಿಂದಲೇ ಮದ್ಯ ತೆಗೆಯಬಹುದೇ ಎಂದು ಕೇಳಿದ್ದೀರಿ. ಮದ್ಯಸಾರ ಹುಟ್ಟುವುದು ಸಕ್ಕರೆಯಿಂದ ಅಥವಾ ಸಕ್ಕರೆಯಾಗಿ ಒಡೆಯಬಲ್ಲ ಪಿಷ್ಟದಿಂದ. ಹಣ್ಣಾದ ಹಸಿ ಮೆಣಸಿನಕಾಯಿಯ ತೂಕದಲ್ಲಿ ಶೇಕಡ 88ರಷ್ಟು ನೀರು, ಸಕ್ಕರೆ ಬರೀ ಶೇಕಡ 5ರಷ್ಟು. ಒಂದು ಕ್ವಿಂಟಲ್ ಹಸಿ ಕಾಯಿಯಲ್ಲಿರುವ ಐದು ಕಿಲೋ ಸಕ್ಕರೆ ಒಂದಿಷ್ಟೂ ಪೋಲಾಗದೆ ಹುದುಗಿದರೂ ಸಿಗುವ ಶುದ್ಧ ಮದ್ಯಸಾರ ಸುಮಾರು ಮೂರು ಲೀಟರ್. ಅದೇ ಒಂದು ಕ್ವಿಂಟಲ್ ಕಾಕಂಬಿ ಇಪ್ಪತ್ತು ಲೀಟರಿಗೂ ಹೆಚ್ಚು ಕೊಡುತ್ತದೆ. ಆದ್ದರಿಂದ ಜಗತ್ತಿನಲ್ಲಿ ಮೆಣಸಿನಕಾಯಿಯ ಹೆಸರಿನಲ್ಲಿ ಮಾರಾಟವಾಗುವ ಪ್ರಸಿದ್ಧ ಮದ್ಯಗಳೆಲ್ಲ ಧಾನ್ಯ, ಕಬ್ಬು ಅಥವಾ ಇನ್ನಾವುದೋ ಮೂಲದ ಮದ್ಯಸಾರಕ್ಕೆ ಕಾಯಿಯ ಗುಣವನ್ನು ಸೇರಿಸಿದವು. ಸ್ವೀಡನ್ನಿನ ಅಬ್ಸೊಲ್ಯೂಟ್ ಕಂಪನಿ 1986ರಲ್ಲಿ ತಂದ ತನ್ನ ಮೊದಲ ಸುವಾಸಿತ ವೋಡ್ಕಾ ಮೆಣಸಿನಕಾಯಿಯದು. ಉಕ್ರೇನ್‌ನಲ್ಲಿ ಜೇನು ಮತ್ತು ಕೆಂಪು ಮೆಣಸಿನಕಾಯಿ ಹಾಕಿದ ಹೊರಿಲ್ಕಾ ಎಂಬ ವೋಡ್ಕಾ ಮನೆಮಾತು. ಕೆಲವು ಬಾಟಲಿಗಳೊಳಗೆ ಇಡೀ ಕಾಯಿಯೇ ನಿಂತಿರುತ್ತದೆ. ಮೆಕ್ಸಿಕೊದ ಆಂಚೊ ರೇಯೆಸ್ ಎಂಬ ಲಿಕರ್‌ಗೆ ಒಣಗಿದ ಪೊಬ್ಲಾನೊ ಕಾಯಿಯನ್ನು ಕಬ್ಬಿನ ಮದ್ಯಸಾರದಲ್ಲಿ ತಿಂಗಳುಗಟ್ಟಲೆ ನೆನೆಸುತ್ತಾರೆ. ನೀವು ಗಮನಿಸಬೇಕಾದದ್ದು ಈ ಕೊನೆಯದನ್ನು. ಖಾರ ಕಡಿಮೆ, ಬಣ್ಣ ಗಾಢ, ಒಣಗಿದ ಮೇಲೆ ಸಿಹಿಯತ್ತ ವಾಲುವ ಘಮ ಎಂಬ ಲಕ್ಷಣಗಳಲ್ಲಿ ಆ ಕಾಯಿ ಗುಂಟೂರು ಕಾಯಿಗಿಂತ ನಮ್ಮ ಬ್ಯಾಡಗಿಗೆ ಹತ್ತಿರದ ಸಂಬಂಧಿ. ಬ್ಯಾಡಗಿ ಕಾಯಿಯಿಂದ ಒಳ್ಳೆಯ ಪಾನೀಯ ಸಾಧ್ಯ ಎಂದು ನಾನು ನಂಬುವುದು ಇದೇ ಕಾರಣಕ್ಕೆ.

ಈಗ ಬಟ್ಟಿಯ ವಿಷಯ. ಇಲ್ಲಿ ಹೊಸಬರೆಲ್ಲ ಎಡವುವ ಒಂದು ಸಂಗತಿಯಿದೆ: ಬಟ್ಟಿ ಇಳಿಸಿದರೆ ಖಾರ ಬರುವುದಿಲ್ಲ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಭಾರವಾದ ಅಣು. ಮದ್ಯಸಾರ 78 ಡಿಗ್ರಿಯಲ್ಲಿ, ನೀರು 100 ಡಿಗ್ರಿಯಲ್ಲಿ ಆವಿಯಾಗಿ ಮೇಲೇರಿದರೆ ಕ್ಯಾಪ್ಸೈಸಿನ್ ಹಂಡೆಯ ತಳದಲ್ಲೇ ಉಳಿಯುತ್ತದೆ. ಒಗ್ಗರಣೆಗೆ ಕಾಯಿ ಬಿದ್ದಾಗ ಘಾಟು ಏಳುತ್ತದಲ್ಲ ಎಂದು ನೀವು ಕೇಳಬಹುದು. ಅಲ್ಲಿನ ಎಣ್ಣೆ ಕುದಿಯುವ ನೀರಿಗಿಂತ ಬಹಳ ಹೆಚ್ಚು ಬಿಸಿಯಾಗಿರುತ್ತದೆ, ಖಾರದ ಸೂಕ್ಷ್ಮ ಕಣಗಳು ಹೊಗೆಯೊಂದಿಗೆ ಗಾಳಿಗೆ ಸೇರುತ್ತವೆ. ಬಟ್ಟಿಯಲ್ಲಿ ಆ ಸ್ಥಿತಿ ಬರುವುದಿಲ್ಲ. ಮೇಲೇರಿ ಬರುವುದು ಪರಿಮಳ ಮಾತ್ರ. ಹಸಿರು ಕಾಯಿಯನ್ನು ಬಟ್ಟಿಗೆ ಹಾಕಿದರೆ, ಅದನ್ನು ಮುರಿದಾಗ ಮೂಗಿಗೆ ತಟ್ಟುವ ಹಸಿವಾಸನೆ ಇಳಿಯುತ್ತದೆ. ಅದಕ್ಕೆ ಕಾರಣವಾದ ಪೈರಜೀನ್ ಎಂಬ ಸಂಯುಕ್ತ, ನೀರಿನಲ್ಲಿ ಲಕ್ಷಕೋಟಿಯಲ್ಲಿ ಒಂದೆರಡು ಪಾಲಿದ್ದರೂ ಮನುಷ್ಯನ ಮೂಗಿಗೆ ತಿಳಿಯುವಷ್ಟು ಪ್ರಬಲ. ಹೀಗಾಗಿ ಹಸಿ ಕಾಯಿ ತುಸು ಹೆಚ್ಚಾದರೂ ಮದ್ಯವೆಲ್ಲ ದೊಣ್ಣೆಮೆಣಸಿನಕಾಯಿಯ ವಾಸನೆಗೆ ತಿರುಗಿಬಿಡುತ್ತದೆ. ಒಣಗಿದ ಕಾಯಿಯಿಂದ ಬರುವುದು ಬೇರೆ ಸ್ವಭಾವದ, ಒಣದ್ರಾಕ್ಷಿಯನ್ನೂ ತಂಬಾಕಿನ ಎಲೆಯನ್ನೂ ನೆನಪಿಸುವ ಗಾಢ ಘಮ.

ಖಾರವೂ ಬಣ್ಣವೂ ಬೇಕೆಂದರೆ ನೆನೆಸುವುದೊಂದೇ ದಾರಿ. ಕ್ಯಾಪ್ಸೈಸಿನ್ ನೀರಿನಲ್ಲಿ ಅಷ್ಟಾಗಿ ಕರಗದು, ಮದ್ಯಸಾರದಲ್ಲಿ ಚೆನ್ನಾಗಿ ಕರಗುತ್ತದೆ. ವಿಲ್ಬರ್ ಸ್ಕೋವಿಲ್ ಎಂಬ ಅಮೆರಿಕದ ಔಷಧತಜ್ಞ 1912ರಲ್ಲಿ ಖಾರವನ್ನು ಅಳೆಯಲು ಹೊರಟಾಗ ಮಾಡಿದ್ದೂ ಅದನ್ನೇ: ಕಾಯಿಯ ಸಾರವನ್ನು ಮದ್ಯಸಾರದಲ್ಲಿ ತೆಗೆದು, ಖಾರ ನಾಲಿಗೆಗೆ ತಿಳಿಯದಂತಾಗುವ ತನಕ ಸಕ್ಕರೆ ನೀರಿನಿಂದ ತೆಳುಗೊಳಿಸುತ್ತ ಹೋದ. ಅನುಭವಿ ತಯಾರಕರು ಸಾಮಾನ್ಯವಾಗಿ ಎರಡೂ ಕೆಲಸಗಳನ್ನು ಬೇರೆಬೇರೆಯಾಗಿ ಮಾಡಿ ಕೊನೆಗೆ ಬೆರೆಸುತ್ತಾರೆ. ಒಂದು ಪಾಲು ಕಾಯಿಯನ್ನು ಮದ್ಯಸಾರದಲ್ಲಿ ಒಂದು ರಾತ್ರಿ ನೆನೆಸಿ ತಾಮ್ರದ ಹಂಡೆಯಲ್ಲಿ ಬಟ್ಟಿ ಇಳಿಸಿ, ಉಗುರುಬಣ್ಣ ತೆಗೆಯುವ ದ್ರವದಂಥ ತೀಕ್ಷ್ಣ ವಾಸನೆಯ ಮೊದಲ ಭಾಗವನ್ನೂ ಬೇಯಿಸಿದ ತರಕಾರಿಯ ವಾಸನೆ ಹತ್ತತೊಡಗುವ ಕೊನೆಯ ಭಾಗವನ್ನೂ ಬಿಟ್ಟು, ನಡುವಿನ ಶುದ್ಧ ಭಾಗವನ್ನಷ್ಟೇ ಇಟ್ಟುಕೊಳ್ಳುತ್ತಾರೆ. ಇನ್ನೊಂದು ಪಾಲು ಕಾಯಿಯ ತೊಟ್ಟು ಮುರಿದು, ಸೀಳಿ, ಬೀಜವನ್ನೂ ಒಳಗಿನ ಬಿಳಿ ತಿರುಳನ್ನೂ ತೆಗೆದು ಸಿಪ್ಪೆಯನ್ನು ಮಾತ್ರ ನೆನೆಸುತ್ತಾರೆ. ಖಾರ ಇರುವುದು ಬೀಜದಲ್ಲಿ ಎಂಬುದು ಸಾಮಾನ್ಯ ನಂಬಿಕೆ, ವಾಸ್ತವವಾಗಿ ಅದು ಹುಟ್ಟುವುದು ಬೀಜ ಅಂಟಿಕೊಂಡಿರುವ ಆ ಬಿಳಿ ತಿರುಳಿನಲ್ಲಿ. ಬೀಜ ಹೆಚ್ಚು ಹೊತ್ತು ನೆನೆದರೆ ಕಹಿಯೂ ಎಣ್ಣೆಯೂ ಬಿಡುತ್ತದೆ. ಬೀಜ ಕಡಿಮೆಯಿರುವ ಕಡ್ಡಿ ಕಾಯಿ ಈ ಕೆಲಸಕ್ಕೆ ಒಗ್ಗುತ್ತದೆ. ದುಂಡಗೆ ತುಂಬಿಕೊಂಡಿರುವ ಡಬ್ಬಿಯಲ್ಲಿ ಬಣ್ಣ ಸಮೃದ್ಧ, ಆದರೆ ಬೀಜ ಬಿಡಿಸುವ ಕೂಲಿ ಹೆಚ್ಚು.

ನೆನೆಸುವ ಮದ್ಯಸಾರ ಗಡುಸಾದಷ್ಟೂ ಬಣ್ಣವೂ ಎಣ್ಣೆಯಂಶವೂ ಹೆಚ್ಚು ಬರುತ್ತವೆ. ತೊಂದರೆ ಕಾಣಿಸುವುದು ಅನಂತರ. ಅದನ್ನು ನಮ್ಮಲ್ಲಿ ರೂಢಿಯಲ್ಲಿರುವ ಶೇಕಡ 42.8ರ ಪ್ರಮಾಣಕ್ಕೆ ಇಳಿಸಲು ನೀರು ಸೇರಿಸಿದೊಡನೆ, ಕರಗಿದ್ದ ಎಣ್ಣೆಯಂಶ ಬೇರ್ಪಟ್ಟು ದ್ರವ ಮಬ್ಬಾಗುತ್ತದೆ. ನೀರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ, ಕೆಲವು ದಿನ ನಿಲ್ಲಿಸಿ, ತಣ್ಣಗಾಗಿಸಿ ಸೋಸಿದರೆ ತಿಳಿಯಾಗುತ್ತದೆ, ಆದರೆ ಬಣ್ಣದ ಒಂದು ಪಾಲೂ ಸೋಸುವ ಬಟ್ಟೆಯಲ್ಲೇ ಉಳಿಯುತ್ತದೆ. ಉಳಿದ ಬಣ್ಣವನ್ನು ಬಿಸಿಲು ತಿನ್ನುತ್ತದೆ. ಪಾರದರ್ಶಕ ಬಾಟಲಿಯಲ್ಲಿ ತುಂಬಿ ಅಂಗಡಿಯ ಕಿಟಕಿಗೆ ಇಟ್ಟ ಕೆಂಪು ಮದ್ಯ ಕ್ರಮೇಣ ಪೇಲವ ಕಿತ್ತಳೆಯಾಗುತ್ತದೆ. ನೀವು ಬಾಟಲಿ ಆರಿಸುವಾಗ ಇದನ್ನು ಮರೆಯಬೇಡಿ.

ಇನ್ನು ಪರವಾನಗಿ. ಮದ್ಯ ತಯಾರಿಕೆ ಸಂವಿಧಾನದ ಏಳನೆಯ ಅನುಸೂಚಿಯಂತೆ ರಾಜ್ಯಗಳ ಅಧಿಕಾರಕ್ಕೆ ಸೇರಿದ್ದು. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆ ಮತ್ತು ಡಿಸ್ಟಿಲರಿಗಳಿಗೆ ಸಂಬಂಧಿಸಿದ 1967ರ ನಿಯಮಗಳು ಇದನ್ನು ಆಳುತ್ತವೆ. ದ್ರಾಕ್ಷಾರಸಕ್ಕೆ 2007ರ ನೀತಿಯಿಂದ, ಹೋಟೆಲಿನಲ್ಲೇ ಬಿಯರ್ ತಯಾರಿಸುವ ಮೈಕ್ರೊಬ್ರೂವರಿಗಳಿಗೆ 2010ರ ನಿಯಮಗಳಿಂದ ದೊರೆತ ಅನುಕೂಲವನ್ನು ಕಂಡು ಸಣ್ಣ ಡಿಸ್ಟಿಲರಿಗೂ ಅದೇ ಸಿಕ್ಕೀತೆಂದು ಭಾವಿಸಿ ಹಣ ಹೂಡಬೇಡಿ. ಮೊದಲು ಜಿಲ್ಲೆಯ ಅಬಕಾರಿ ಉಪ ಆಯುಕ್ತರ ಕಚೇರಿಗೆ ಲಿಖಿತವಾಗಿ ಬರೆದು, ನಿಮ್ಮ ಪ್ರಮಾಣದ ಘಟಕಕ್ಕೆ ಯಾವ ಪರವಾನಗಿ, ಎಷ್ಟು ಶುಲ್ಕ ಎಂಬುದನ್ನು ಲಿಖಿತವಾಗಿಯೇ ಪಡೆಯಿರಿ. ಹೊಲದಲ್ಲಿ ಕಟ್ಟುವುದಾದರೆ ಭೂಪರಿವರ್ತನೆ ಆಗಬೇಕು. ಡಿಸ್ಟಿಲರಿಗಳು ಅತಿ ಹೆಚ್ಚು ಮಾಲಿನ್ಯ ಉಂಟುಮಾಡುವ ಉದ್ಯಮಗಳ ಪಟ್ಟಿಯಲ್ಲಿರುವುದರಿಂದ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯೂ 2006ರ ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿಯ ಪ್ರಶ್ನೆಯೂ ಬರುತ್ತವೆ. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣೆಯನ್ನು ಕಾಗದದ ಕೆಲಸವೆಂದು ತಿಳಿಯಬಾರದು: ಶೇಕಡ 40ರ ಮದ್ಯವೂ ಸುಮಾರು 26 ಡಿಗ್ರಿಯಲ್ಲೇ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ, ನಿಮ್ಮ ಸೀಮೆಯ ಬೇಸಿಗೆ ಅದಕ್ಕಿಂತ ಬಹಳ ಮೇಲಿರುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಮದ್ಯ ಮಾನದಂಡಗಳನ್ನು ಪಾಲಿಸಬೇಕು, ಪ್ರತಿ ಲೇಬಲ್‌ಗೂ ಅಬಕಾರಿ ಇಲಾಖೆಯ ಅನುಮೋದನೆ ಬೇಕು. ರಾಜ್ಯದೊಳಗಿನ ಸಗಟು ಮಾರಾಟ 2003ರಿಂದ ಪಾನೀಯ ನಿಗಮದ ಮೂಲಕವೇ ನಡೆಯುವುದರಿಂದ ಸರಕನ್ನು ನೇರವಾಗಿ ಅಂಗಡಿಗಳಿಗೆ ಕೊಡುವಂತಿಲ್ಲ. ಮದ್ಯ ಜಿಎಸ್‌ಟಿಯ ಹೊರಗಿರುವುದರಿಂದ ಬಾಟಲಿ, ಮುಚ್ಚಳ, ಲೇಬಲ್‌ಗಳ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಮರಳಿ ಹೊಂದಿಸಿಕೊಳ್ಳಲಾಗದು. ಸಣ್ಣ ತಯಾರಕರ ಲಾಭವನ್ನು ಸದ್ದಿಲ್ಲದೆ ಕರಗಿಸುವ ಖರ್ಚು ಇದು. ಯೋಜನಾ ವರದಿ ಬರೆದುಕೊಡುವವರು ಇದನ್ನು ಕೈಬಿಟ್ಟಿರುವುದನ್ನು ಪದೇಪದೇ ನೋಡಿದ್ದೇನೆ.

ಇಷ್ಟೆಲ್ಲ ಕೇಳಿಯೂ ಆಸೆ ಉಳಿದಿದ್ದರೆ, ಮತ್ತು ಉಳಿಯಲಿ ಎಂದೇ ನನ್ನ ಬಯಕೆ, ಹಂಡೆ ಕೊಳ್ಳುವ ಮೊದಲು ಬ್ರ್ಯಾಂಡ್ ಕಟ್ಟಿ. 2017ರಲ್ಲಿ ಗ್ರೇಟರ್ ದ್ಯಾನ್, 2018ರಲ್ಲಿ ಸ್ಟ್ರೇಂಜರ್ ಆಂಡ್ ಸನ್ಸ್ ಹೆಸರಿನಲ್ಲಿ ಗೋವಾದಿಂದ ಬಂದ ಜಿನ್‌ಗಳು ಈ ಅಲೆಯನ್ನು ಎಬ್ಬಿಸಿದವು. ಜಿನ್ ತಯಾರಕರಲ್ಲಿ ಬಹುಪಾಲು ಜನ ಮೂಲ ಮದ್ಯಸಾರವನ್ನು ತಾವೇ ಹುದುಗಿಸುವುದಿಲ್ಲ. ಶೇಕಡ 96ರಷ್ಟು ಶುದ್ಧವಾದ ತಟಸ್ಥ ಮದ್ಯಸಾರವನ್ನು ದೊಡ್ಡ ಡಿಸ್ಟಿಲರಿಗಳಿಂದ ಕೊಂಡು ತಮ್ಮ ಸಾಂಬಾರಗಳೊಂದಿಗೆ ಮತ್ತೆ ಬಟ್ಟಿ ಇಳಿಸುತ್ತಾರೆ. ಅದರಿಂದ ಹುದುಗು ತೊಟ್ಟಿಯೂ ತ್ಯಾಜ್ಯದ್ರವದ ಸಮಸ್ಯೆಯ ದೊಡ್ಡ ಪಾಲೂ ತಪ್ಪುತ್ತವೆ. ನೀವು ಇನ್ನೂ ಒಂದು ಹೆಜ್ಜೆ ಹಿಂದೆ ನಿಲ್ಲಬಹುದು. ಪರವಾನಗಿ ಇರುವ ಡಿಸ್ಟಿಲರಿಯೊಂದರ ಜೊತೆ ಒಪ್ಪಂದ ಮಾಡಿಕೊಂಡು, ನಿಮ್ಮ ಹೊಲದ ಕಾಯಿಯನ್ನು ನೀವೇ ಆರಿಸಿ ಕೊಟ್ಟು, ಅವರ ಪ್ರಯೋಗಾಲಯದಲ್ಲಿ ಪಾಕವನ್ನು ಸಿದ್ಧಪಡಿಸಿ, ಅವರ ಘಟಕದಲ್ಲೇ ನಿಮ್ಮ ಹೆಸರಿನ ಮೊದಲ ಸರಕನ್ನು ತುಂಬಿಸಿ. ಎರಡು ಮೂರು ವರ್ಷ ಅದು ನಿಂತರೆ ಆಗ ಹಂಡೆಯ ಮಾತು. ನಡುವೆ ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಲ್ಲೋ ಪುಣೆಯ ವಸಂತದಾದಾ ಸಕ್ಕರೆ ಸಂಸ್ಥೆಯಲ್ಲೋ ಮದ್ಯಸಾರ ತಂತ್ರಜ್ಞಾನದ ತರಬೇತಿಯ ಬಗ್ಗೆ ವಿಚಾರಿಸಿ. ಅಬಕಾರಿ ಅಧಿಕಾರಿಯ ಎದುರು ಸ್ವಂತ ಲೆಕ್ಕವನ್ನು ಸ್ವಂತ ತಿಳಿವಳಿಕೆಯಿಂದ ವಿವರಿಸಬಲ್ಲ ಮಾಲೀಕನಿಗೂ, ಎಲ್ಲವನ್ನೂ ಸಲಹೆಗಾರನಿಗೆ ಬಿಟ್ಟವನಿಗೂ ಅಜಗಜಾಂತರವಿರುತ್ತದೆ.

ಪ್ರಶ್ನೆ: ಹೊರರಾಜ್ಯದ ಸಣ್ಣ ಡಿಸ್ಟಿಲರಿಯೊಂದು ವರ್ಷಕ್ಕೆ ಎರಡು ಕ್ವಿಂಟಲ್ ಬ್ಯಾಡಗಿ ಕಾಯಿ ಬೇಕೆಂದು ಕೇಳಿದೆ. ಮಾರುಕಟ್ಟೆಗಿಂತ ಒಳ್ಳೆಯ ಬೆಲೆ ಕೊಡುತ್ತಾರಂತೆ, ಆದರೆ ಪ್ರಯೋಗಾಲಯದ ವರದಿ ಬೇಕೆನ್ನುತ್ತಾರೆ. ಲೇಬಲ್ ಮೇಲೆ ಬ್ಯಾಡಗಿ ಎಂದು ಹಾಕಲು ನಮ್ಮಿಂದ ಪತ್ರವನ್ನೂ ಕೇಳಿದ್ದಾರೆ. ಏನು ಮಾಡಬೇಕು? (ಬ್ಯಾಡಗಿ ತಾಲ್ಲೂಕು)

ಉತ್ತರ: ಈ ಪತ್ರ ಓದಿ ಸಂತೋಷವಾಯಿತು. ಮೇಲಿನ ಓದುಗರಿಗೆ ನಾನು ಹೇಳಿದ್ದರ ಇನ್ನೊಂದು ಮುಖ ಇದು: ಹಂಡೆ ಬೇರೆಯವರದಾದರೂ ಬೆಳೆಗಾರನಿಗೆ ಅದರಲ್ಲಿ ಗೌರವದ ಪಾಲಿದೆ.

ಅವರು ವರದಿ ಕೇಳಿದ್ದು ಸರಿಯೇ. ಸರಿಯಾಗಿ ಒಣಗದ ಕಾಯಿಯಲ್ಲಿ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಬಟ್ಟಿ ಇಳಿಸಿದಾಗ ಅದು ಆವಿಯೊಂದಿಗೆ ಬರುವುದಿಲ್ಲ, ಆದರೆ ನೆನೆಸಿದಾಗ ಮದ್ಯಸಾರಕ್ಕೆ ಬಿಡುತ್ತದೆ. ಹಲವು ಕೀಟನಾಶಕಗಳ ಉಳಿಕೆಯೂ ಹಾಗೆಯೇ. ಯುರೋಪಿನ ಒಕ್ಕೂಟದಲ್ಲಿ ಒಣ ಮೆಣಸಿನಕಾಯಿಗೆ ಅಫ್ಲಾಟಾಕ್ಸಿನ್ ಮಿತಿ ಕಿಲೋಗೆ ಒಟ್ಟು 10 ಮೈಕ್ರೊಗ್ರಾಂ, ಅದರಲ್ಲಿ ಬಿ1 ಬಗೆಯದು 5 ಮೈಕ್ರೊಗ್ರಾಂ ಮೀರುವಂತಿಲ್ಲ. ಮುಂದೆ ರಫ್ತಿನ ಯೋಚನೆಯಿರುವ ಡಿಸ್ಟಿಲರಿ ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡಿರುತ್ತದೆ. ನೆಲದ ಮೇಲೆ ಹರಡುವ ಬದಲು ಶುಚಿಯಾದ ತಾಡಪಾಲಿನ ಮೇಲೆ ತೆಳ್ಳಗೆ ಹರಡಿ, ಇಬ್ಬನಿ ಬೀಳುವ ಮೊದಲು ರಾಶಿ ಮಾಡಿ ಮುಚ್ಚಿ, ತೇವಾಂಶ ಶೇಕಡ 11ಕ್ಕಿಂತ ಕೆಳಗೆ ಬರುವವರೆಗೆ ಒಣಗಿಸಿ. ತುಂಬುವಾಗ ಕಾಯಿ ಮುರಿಯದಿರಲೆಂದು ನೀರು ಚಿಮುಕಿಸುವ ರೂಢಿಯನ್ನು ಈ ಎರಡು ಕ್ವಿಂಟಲ್‌ನ ಮಟ್ಟಿಗೆ ಸಂಪೂರ್ಣ ಬಿಡಬೇಕು. ಹೊಳಪಿಗೆ ಎಣ್ಣೆ ಸವರಿದ ಕಾಯಿಯಂತೂ ಡಿಸ್ಟಿಲರಿಗೆ ಯಾವ ಕೆಲಸಕ್ಕೂ ಬಾರದು, ಮದ್ಯವನ್ನು ಮಬ್ಬಾಗಿಸುತ್ತದೆ. ಇಡಿಯಾಗಿಯೇ ಕಳುಹಿಸಿ, ಪುಡಿ ಮಾಡಿ ಕಳುಹಿಸಬೇಡಿ. ಖಾರದಪುಡಿಗೆ ಸೂಡಾನ್ ಎಂಬ ಕೈಗಾರಿಕಾ ಬಣ್ಣ ಬೆರೆತದ್ದು ಗೊತ್ತಾಗಿ 2005ರಲ್ಲಿ ಬ್ರಿಟನ್ನಿನಲ್ಲಿ ನೂರಾರು ಆಹಾರ ಪದಾರ್ಥಗಳನ್ನು ಅಂಗಡಿಗಳಿಂದ ಹಿಂದೆಗೆದುಕೊಂಡ ಮೇಲೆ ತಿಳಿದ ಖರೀದಿದಾರರು ಪುಡಿಯನ್ನು ಸುಲಭವಾಗಿ ನಂಬುವುದಿಲ್ಲ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. 1999ರ ಕಾಯ್ದೆಯಂತೆ ನಿಗದಿತ ಪ್ರದೇಶದ ಬೆಳೆಗಾರರು ಚೆನ್ನೈನಲ್ಲಿರುವ ನೋಂದಣಿ ಕಚೇರಿಯಲ್ಲಿ ಅಧಿಕೃತ ಬಳಕೆದಾರರಾಗಿ ಹೆಸರು ನೋಂದಾಯಿಸಬಹುದು. ನೋಂದಣಿ ಇಲ್ಲದೆ ಸಾದಾ ಕಾಗದದ ಮೇಲೆ ಪತ್ರ ಬರೆದುಕೊಡಬೇಡಿ. ನೋಂದಾಯಿಸಿದ ಮೇಲೆ ಯಾವ ತಳಿ, ಯಾವ ಹೊಲ, ಯಾವ ಹಂಗಾಮು, ಎಷ್ಟು ತೂಕ ಎಂಬುದನ್ನು ನಮೂದಿಸಿ ಕೊಡಿ. ಈಗ ಅದೇ ಹೆಸರಿನಲ್ಲಿ ಹಲವು ಹೈಬ್ರಿಡ್ ಕಾಯಿಗಳೂ ಮಾರುಕಟ್ಟೆಗೆ ಬರುತ್ತಿವೆ. ನೀವು ಹಳೆಯ ಕಡ್ಡಿ ತಳಿಯ ಬೀಜವನ್ನು ಉಳಿಸಿಕೊಂಡಿದ್ದರೆ ಅದನ್ನು ಖರೀದಿದಾರರಿಗೆ ಎದ್ದು ಕಾಣುವಂತೆ ಹೇಳಿ, ಬೆಲೆಯನ್ನೂ ಅದಕ್ಕೆ ತಕ್ಕಂತೆ ಕೇಳಿ.

ಪ್ರಶ್ನೆ: ನಾನು ರಸಾಯನಶಾಸ್ತ್ರದ ವಿದ್ಯಾರ್ಥಿ. ಮಾರಾಟದ ಉದ್ದೇಶವಿಲ್ಲ. ಪ್ರೆಷರ್ ಕುಕ್ಕರ್‌ಗೆ ತಾಮ್ರದ ಕೊಳವೆ ಜೋಡಿಸಿ ಬೆಲ್ಲ ಮತ್ತು ಮೆಣಸಿನಕಾಯಿಯಿಂದ ಒಂದು ಲೀಟರ್ ಮಾತ್ರ ಪ್ರಯೋಗಕ್ಕಾಗಿ ಇಳಿಸಬಹುದೇ? (ಧಾರವಾಡ)

ಉತ್ತರ: ಇಳಿಸಬಾರದು. ಪ್ರಮಾಣ ಒಂದು ಲೀಟರ್ ಆಗಲಿ, ಉದ್ದೇಶ ಕುತೂಹಲವೇ ಆಗಲಿ, ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ನಮ್ಮ ರಾಜ್ಯದಲ್ಲಿ ಅಪರಾಧ, ಅದಕ್ಕೆ ಸೆರೆವಾಸದ ಶಿಕ್ಷೆಯಿದೆ. ನ್ಯೂಜಿಲೆಂಡ್‌ನಲ್ಲಿ 1996ರಿಂದ ಸ್ವಂತ ಬಳಕೆಗೆ ಬಟ್ಟಿ ಇಳಿಸಲು ಅವಕಾಶವಿದೆ, ಅಂತರ್ಜಾಲದಲ್ಲಿ ನೀವು ನೋಡಿರುವ ವಿಡಿಯೊಗಳಲ್ಲಿ ಕೆಲವು ಅಲ್ಲಿಯವೇ ಇರಬಹುದು. ಆ ಅವಕಾಶ ಇಲ್ಲಿಗೆ ಅನ್ವಯಿಸುವುದಿಲ್ಲ.

ಕಾನೂನಿನ ಮಾತು ಹಾಗಿರಲಿ, ಅಪಾಯ ನಿಜವಾದದ್ದು. ಬೆಲ್ಲದ ಹುದುಗಿನಲ್ಲಿ ಮೆಥನಾಲ್ ಹುಟ್ಟುವುದು ಬಹಳ ಕಡಿಮೆ ಎಂದು ನೀವು ಓದಿರಬಹುದು, ಅದು ಸರಿ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರನ್ನು, 2008ರಲ್ಲಿ ಕರ್ನಾಟಕ ಮತ್ತು ತಮಿಳುನಾಡಿನಲ್ಲಿ 100ಕ್ಕೂ ಹೆಚ್ಚು ಜನರನ್ನು, 2024ರ ಜೂನ್‌ನಲ್ಲಿ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಂಥ ಕಳ್ಳಭಟ್ಟಿ ದುರಂತಗಳ ಹಿಂದೆ ಸಾಮಾನ್ಯವಾಗಿ ಇರುವುದು ಹೊರಗಿನಿಂದ ಬೆರೆಸಿದ ಕೈಗಾರಿಕಾ ಮೆಥನಾಲ್. ಅದು ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ, ಬದುಕಿದವರಲ್ಲಿ ಹಲವರು ದೃಷ್ಟಿ ಕಳೆದುಕೊಂಡರು. ನಿಮ್ಮ ಅಡುಗೆಮನೆಯ ಅಪಾಯ ಬೇರೆ ಬಗೆಯದು. ಕೊಳವೆ ಕಟ್ಟಿಕೊಂಡು ಕುಕ್ಕರ್ ಒಡೆಯಬಹುದು, ಸೋರಿದ ಆವಿ ಗ್ಯಾಸ್ ಒಲೆಯ ಉರಿಗೆ ತಗುಲಬಹುದು.

ನಿಮಗಿರುವುದು ರಸಾಯನಶಾಸ್ತ್ರದ ಆಸಕ್ತಿಯಾದರೆ ಮದ್ಯವಿಲ್ಲದೆಯೇ ಒಂದು ಚೆಂದದ ಪ್ರಯೋಗ ಮಾಡಿ. ಒಂದೇ ಕಾಯಿಯನ್ನು ಎರಡು ಸಮಭಾಗ ಮಾಡಿ, ಒಂದನ್ನು ಬಿಸಿನೀರಿನಲ್ಲೂ ಇನ್ನೊಂದನ್ನು ಉಗುರುಬೆಚ್ಚಗಿನ ತುಪ್ಪದಲ್ಲೂ ಅರ್ಧ ಗಂಟೆ ನೆನೆಸಿಡಿ. ನೀರಿಗೆ ಪರಿಮಳ ಹತ್ತಿದರೂ ಖಾರ ಅಷ್ಟಾಗಿ ಬಂದಿರುವುದಿಲ್ಲ, ಬಣ್ಣ ಪೇಲವ. ತುಪ್ಪ ಕೆಂಪಾಗಿ ಖಾರವನ್ನೂ ಎಳೆದುಕೊಂಡಿರುತ್ತದೆ. ಕಾಯಿಯ ಯಾವ ಗುಣ ಯಾವುದರಲ್ಲಿ ಕರಗುತ್ತದೆ ಎಂಬ ಈ ತಿಳಿವಳಿಕೆಯೇ ಮದ್ಯ ತಯಾರಕನ ಕಸುಬಿನ ಅರ್ಧ. ಮುಂದೆ ಈ ಕ್ಷೇತ್ರಕ್ಕೆ ಬರುವ ಮನಸ್ಸಿದ್ದರೆ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐಯ ಕೋರ್ಸುಗಳನ್ನು ನೋಡಿ.

ಪ್ರಶ್ನೆ: ನಾನು ಮೂಲತಃ ಹುಬ್ಬಳ್ಳಿಯವನು, ಈಗ ಇಂಗ್ಲೆಂಡಿನ ಕೆಂಟ್‌ನಲ್ಲಿದ್ದೇನೆ. ಹಿತ್ತಿಲಿನ ಪಾಲಿಥೀನ್ ಮನೆಯಲ್ಲಿ ಹಲವು ಬಗೆಯ ಮೆಣಸಿನಕಾಯಿ ಬೆಳೆಯುತ್ತೇನೆ. ಸಣ್ಣ ಪ್ರಮಾಣದಲ್ಲಿ ಮೆಣಸಿನಕಾಯಿ ವೋಡ್ಕಾ ತಯಾರಿಸಿ ರೈತಸಂತೆಗಳಲ್ಲಿ ಮಾರುವ ಆಸೆ. ಇಲ್ಲಿ ಇದು ಸುಲಭವೇ?

ಉತ್ತರ: ಭಾರತಕ್ಕಿಂತ ಸುಲಭ, ನೀವು ಅಂದುಕೊಂಡಿರುವಷ್ಟು ಸುಲಭವಲ್ಲ. ಲಂಡನ್ನಿನಲ್ಲಿ ಸಿಪ್‌ಸ್ಮಿತ್ ಸಂಸ್ಥೆ 2009ರಲ್ಲಿ ಸಣ್ಣ ತಾಮ್ರದ ಹಂಡೆಗೆ ಪರವಾನಗಿ ಪಡೆದ ಮೇಲೆ ಅಲ್ಲಿ ಸಣ್ಣ ಡಿಸ್ಟಿಲರಿಗಳ ಬಾಗಿಲು ತೆರೆಯಿತು. ಈಗ, 2025ರ ಮಾರ್ಚ್ 1ರಿಂದ, ಹಳೆಯ ಬೇರೆಬೇರೆ ಪರವಾನಗಿಗಳ ಬದಲು ಮದ್ಯ ಉತ್ಪಾದಕರಿಗೆಲ್ಲ ಕಂದಾಯ ಇಲಾಖೆಯ ಒಂದೇ ಬಗೆಯ ಅನುಮೋದನೆ ಜಾರಿಗೆ ಬಂದಿದೆ. ಅದು ಕೈಗೆ ಬರುವ ಮೊದಲು ಒಂದು ಹನಿಯನ್ನೂ ಬಟ್ಟಿ ಇಳಿಸುವಂತಿಲ್ಲ.

ಸುಂಕದ ಲೆಕ್ಕವನ್ನು ಮೊದಲು ಹಾಕಿ. 2025ರ ಫೆಬ್ರವರಿಯ ದರದಂತೆ ಒಂದು ಲೀಟರ್ ಶುದ್ಧ ಮದ್ಯಸಾರಕ್ಕೆ 32.79 ಪೌಂಡ್ ಇತ್ತು. ಶೇಕಡ 40ರ 70 ಸೆಂಟಿಲೀಟರ್ ಬಾಟಲಿಯೊಂದಕ್ಕೆ ಅದು ಒಂಬತ್ತು ಪೌಂಡ್ ದಾಟುತ್ತದೆ, ಅದರ ಮೇಲೆ ಶೇಕಡ 20ರ ವ್ಯಾಟ್. ಸಣ್ಣ ಉತ್ಪಾದಕರಿಗೆ ಸುಂಕದಲ್ಲಿ ರಿಯಾಯಿತಿ ಇದೆಯೆಂದು ಯಾರಾದರೂ ಹೇಳಿದರೆ, ಅದು ಶೇಕಡ 8.5ಕ್ಕಿಂತ ಕಡಿಮೆ ಮದ್ಯಸಾರವಿರುವ ಪಾನೀಯಗಳಿಗೆ ಮಾತ್ರ ಎಂಬುದನ್ನು ನೆನಪಿಡಿ. ನಿಮ್ಮ ವೋಡ್ಕಾಕ್ಕೆ ಅದು ದೊರೆಯುವುದಿಲ್ಲ. ಸ್ಥಳೀಯ ಕೌನ್ಸಿಲ್‌ನಲ್ಲಿ ಆಹಾರ ಉದ್ಯಮವಾಗಿ ನೋಂದಾಯಿಸಬೇಕು, ಸಂತೆಯಲ್ಲಿ ಮಾರಲು 2003ರ ಪರವಾನಗಿ ಕಾಯ್ದೆಯಂತೆ ಅನುಮತಿ ಬೇಕು.

ನಿಮ್ಮ ಹಿತ್ತಿಲಿನ ಬೆಳೆ ಇಲ್ಲಿ ಸಾಲುತ್ತದೆ ಎಂಬುದು ಸಂತೋಷದ ಸಂಗತಿ. ಆದರೆ ಕೆಂಟ್‌ನ ಶರತ್ಕಾಲದ ಬಿಸಿಲು ಕಾಯಿಯನ್ನು ಬೂಷ್ಟು ಹಿಡಿಯದಂತೆ ಒಣಗಿಸಲಾರದು, ವಿದ್ಯುತ್ ಒಣಗಿಸುವ ಯಂತ್ರವನ್ನೇ ಬಳಸಿ. ಮತ್ತು ದಯವಿಟ್ಟು ಜೊಲೋಕಿಯಾದಂಥ ಅತಿಖಾರದ ಕಾಯಿಯ ಮೋಹಕ್ಕೆ ಬೀಳಬೇಡಿ. ಖಾರದ ಅಳತೆಯಲ್ಲಿ ಹತ್ತು ಲಕ್ಷ ಸ್ಕೋವಿಲ್ ದಾಟುವ ಆ ಕಾಯಿ ಹಾಕಿದ ಬಾಟಲಿಯನ್ನು ಜನ ಪಂದ್ಯಕ್ಕಾಗಿ ಒಮ್ಮೆ ಕೊಳ್ಳುತ್ತಾರೆ, ಎರಡನೆಯ ಬಾಟಲಿ ಕೊಳ್ಳುವುದಿಲ್ಲ.

ಪ್ರಶ್ನೆ: ನಮ್ಮದು ಗದಗ ಜಿಲ್ಲೆಯ ಹನ್ನೆರಡು ಮಹಿಳೆಯರ ಸ್ವಸಹಾಯ ಸಂಘ. ಮೆಣಸಿನಕಾಯಿಗೆ ಮೌಲ್ಯವರ್ಧನೆ ಮಾಡಬೇಕೆಂದಿದ್ದೇವೆ. ಸಾರಾಯಿಯಿಂದ ಹಾಳಾದ ಮನೆಗಳನ್ನು ಕಂಡವರಾದ್ದರಿಂದ ಮದ್ಯದ ಗೊಡವೆ ನಮಗೆ ಬೇಡ. ಬೇರೆ ದಾರಿ ತಿಳಿಸಿ.

ಉತ್ತರ: ತಾಯಂದಿರೇ, ನಿಮ್ಮ ನಿಲುವನ್ನು ನಾನು ಪೂರ್ಣವಾಗಿ ಗೌರವಿಸುತ್ತೇನೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತ ಹಿಂದೆ ನಿಮ್ಮಂಥ ಮಹಿಳೆಯರ ವರ್ಷಗಳ ಹೋರಾಟವಿತ್ತು.

ನಿಮ್ಮ ಮನೆಯಲ್ಲೇ ಇರುವ ಪದಾರ್ಥದಿಂದ ಆರಂಭಿಸಿ ಎಂದು ನನ್ನ ಸಲಹೆ. ಹಣ್ಣು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಹುಳಿ ಹಾಕಿ ರುಬ್ಬುವ ನಿಮ್ಮ ರಂಜಕ ಯಾವ ವಿದೇಶಿ ಸಾಸ್‌ಗೂ ಕಡಿಮೆಯಲ್ಲ. ಅಮೆರಿಕದ ಲೂಸಿಯಾನಾದಲ್ಲಿ 1868ರಿಂದ ತಯಾರಾಗುತ್ತಿರುವ ಟಬಾಸ್ಕೊ ಸಾಸ್‌ಗೆ ಬಳಸುವುದೂ ಕೆಂಪು ಕಾಯಿ, ಉಪ್ಪು ಮತ್ತು ವಿನೆಗರ್ ಮಾತ್ರ. ರುಬ್ಬಿದ ಕಾಯಿಯನ್ನು ಹಳೆಯ ವಿಸ್ಕಿ ಪೀಪಾಯಿಗಳಲ್ಲಿ ಮೂರು ವರ್ಷದವರೆಗೂ ಹುಳಿಯಲು ಬಿಡುತ್ತಾರೆ. ರಂಜಕವನ್ನು ಬಾಟಲಿಗೆ ತುಂಬಿ ದೂರ ಕಳುಹಿಸುವಾಗ ಎಚ್ಚರಿಕೆ ಬೇಕಾದದ್ದು ಹುಳಿಯ ಪ್ರಮಾಣದಲ್ಲಿ. ಬೆಳ್ಳುಳ್ಳಿ ಸೇರಿದ, ಗಾಳಿಯಾಡದ, ಹುಳಿ ಸಾಲದ ಪದಾರ್ಥದಲ್ಲಿ ಬಾಟುಲಿಸಂ ಎಂಬ ಕಾಯಿಲೆ ತರುವ ಪ್ರಾಣಾಂತಿಕ ವಿಷ ಹುಟ್ಟಬಲ್ಲದು. ಪಿಎಚ್ 4.6ರ ಮೇಲೆ ಹೋಗಲೇಬಾರದು, 4ರ ಕೆಳಗೆ ಇದ್ದರೆ ನಿಶ್ಚಿಂತೆ. ನಾಲಿಗೆಯನ್ನು ನಂಬಬೇಡಿ. ಪಿಎಚ್ ಅಳೆಯುವ ಚಿಕ್ಕ ಯಂತ್ರವನ್ನು ಕೊಂಡು, ಪ್ರತಿ ರುಬ್ಬಿನ ಅಂಕಿಯನ್ನೂ ತಾರೀಖಿನೊಂದಿಗೆ ವಹಿಯಲ್ಲಿ ಬರೆದಿಡಿ. ಆಹಾರ ಸುರಕ್ಷತಾ ಅಧಿಕಾರಿ ಬಂದಾಗ ಆ ವಹಿಯೇ ನಿಮ್ಮ ಬೆಂಬಲಕ್ಕೆ ನಿಲ್ಲುತ್ತದೆ. ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳಕವೂ ಚೆನ್ನಾಗಿ ಮಾರಾಟವಾಗುವ ಸರಕು, ಅದಕ್ಕೆ ಬಂಡವಾಳ ಇನ್ನೂ ಕಡಿಮೆ.

ಹಣಕ್ಕೆ 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯನ್ನು ನೋಡಿ. ಅದರಲ್ಲಿ ಘಟಕದ ವೆಚ್ಚದ ಶೇಕಡ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ, ಸಾಲಕ್ಕೆ ಜೋಡಿಸಿದ ಸಹಾಯಧನವಿದೆ. ರಾಜ್ಯ ಸರ್ಕಾರ ಅದಕ್ಕೆ ಶೇಕಡ 15 ಸೇರಿಸಿದೆ. ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40,000 ರೂಪಾಯಿಯವರೆಗೆ ಆರಂಭಿಕ ಬಂಡವಾಳಕ್ಕೂ ಅವಕಾಶ ಕಲ್ಪಿಸಲಾಗಿದೆ. ಅರ್ಜಿ ಹಾಕುವ ಮುನ್ನ ಜಿಲ್ಲಾ ಕೃಷಿ ಕಚೇರಿಯಲ್ಲಿ ಆ ವರ್ಷದ ಮಾರ್ಗಸೂಚಿಯನ್ನು ಕೇಳಿ ಪಡೆಯಿರಿ. ಹಣ್ಣು ಕಾಯಿ ಅಗ್ಗವಾಗಿ ಸಿಗುವುದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಸಾಲ ಮಂಜೂರಾತಿಗೆ ತಿಂಗಳುಗಳೇ ಹಿಡಿಯುವುದರಿಂದ ಕಾಗದಪತ್ರಗಳನ್ನು ಮುಂಗಾರು ಬಿತ್ತನೆಯ ಹೊತ್ತಿಗೇ ಬ್ಯಾಂಕಿಗೆ ಮುಟ್ಟಿಸಿ.